ಮೂವತ್ತೊಂದನೆಯ ಪ್ರಶ್ನೆಗೆ ವಿವರಣೆ

ವಸೊಂಗಾ ಸರ್,
ನಾನು ತುಂಬಿ ಕಳಿಸಿದ ಹಾಳೆ ವಾಪಸು ಬಂತು,
ಮೂವತ್ತೊಂದರ ಸುತ್ತ ಕೆಂಪು ಗೆರೆ ಹಾಕಿಸಿಕೊಂಡು.
'ಉತ್ತರ ಹೊಂದುತ್ತಿಲ್ಲ, ಸ್ಪಷ್ಟಪಡಿಸಿ' ಎಂದಿದ್ದೀರಿ.
ಕಾಲಂ ಒಂದೂವರೆ ಬೆರಳಗಲ.
ಅದಕ್ಕೇ ಈ ಹಿಂಬದಿ.

ಕಿಸುಮುವಿನಲ್ಲಿ ಮೂರು ದಿನ ನೀವು ಕಲಿಸಿದ್ದೆಲ್ಲ ನೆನಪಿದೆ:
ಮಗು ಸತ್ತ ಮನೆಗೆ ಮೂರು ತಿಂಗಳು ಕಳೆದ ಮೇಲೆ ಹೋಗಬೇಕು,
ಹೊಸ್ತಿಲಾಚೆ ನಿಂತು 'ಹೋದಿ' ಅನ್ನಬೇಕು,
ಕೊಟ್ಟ ಸ್ಟೂಲಿನ ಮೇಲೆ ಕೂರಬೇಕು, ಕೊಟ್ಟ ಚಹಾ ಕುಡಿಯಬೇಕು,
ಹೌದುಹೌದೆಂದು ತಲೆಯಾಡಿಸಬಾರದು.
ಅಳು ಬಂದರೆ ಅವರದು ಬರಲಿ, ನಮ್ಮದು ಬೇಡ.
ಹಾಳೆಯ ಮೇಲೆ ಮಗುವಿಗೆ ಹೆಸರಿಲ್ಲ, ನಂಬರು.
ನಂಬರು ಬರೆದೆ.
ಆದರೂ ಹೇಳುತ್ತೇನೆ, ಅವನು ಒಬುಯಾ,
ಹೊಲದಲ್ಲಿ ಕಳೆ ಎದ್ದ ಕಾಲಕ್ಕೆ ಹುಟ್ಟಿದವನು.
ಬಣ್ಣದ ಪಟ್ಟಿ ಸುತ್ತಿ ಅವನ ತೋಳು ಅಳೆಯುತ್ತಿದ್ದವಳು ನಾನೇ.
ಪಟ್ಟಿ ಹಳದಿ ದಾಟಿ ಹಸಿರಿಗೆ ಬಂದ ದಿನ
ಅವನ ತಾಯಿ ಕೊನ್ಸೊಲಾಟಾ
ಕುಣಿದಿದ್ದಳು, ಕೈಯಲ್ಲಿ ಸೌಟು ಹಿಡಿದುಕೊಂಡೇ.

ನಾನು ಹೋದಾಗ ಅಂಗಳದಲ್ಲಿ ಒಮೆನಾ ಮೀನು ಒಣಗುತ್ತಿತ್ತು.
ಜ್ವರವಿತ್ತೆ? ಇತ್ತು.
ಎಷ್ಟು ದಿನ? ಅವಳು ಸಂತೆಯಿಂದ ಸಂತೆಗೆ ಎಣಿಸಿದಳು,
ನಾನು ಅದನ್ನು ದಿನ ಮಾಡಿಕೊಂಡೆ.
ಉಸಿರೆಳೆದಾಗ ಪಕ್ಕೆ ಒಳಸೇದುತ್ತಿತ್ತೆ?
ಅವಳು ಅಂಗಿಯ ಮೇಲೆ ಕೈಯಿಟ್ಟು
ತನ್ನ ಪಕ್ಕೆಯನ್ನೇ ಒಳಗೆಳೆದು ತೋರಿಸಿದಳು: ಹೀಗೆ.
ಸರ್, ಆ 'ಹೀಗೆ'ಗೆ ನಿಮ್ಮಲ್ಲಿ ಒಂದೇ ಚೌಕ. ಗುರುತು ಹಾಕಿದೆ.
ಪಕ್ಕದ ಗುಡಿಸಲಿನಿಂದ ಅತ್ತೆ ಕೂಗಿ ಹೇಳಿದಳು,
ಅದು ಚಿರಾ, ಕಟ್ಟಳೆ ಮುರಿದವರ ಮನೆಗೆ ಬರುವ ಸೊರಗು.
ಅದಕ್ಕೆ ಚೌಕವೇ ಇಲ್ಲ. ಅಂಚಿನಲ್ಲಿ ಬರೆದೆ.
ಅದರ ಬಗ್ಗೆ ನೀವು ಕೇಳಿಲ್ಲ.

ಆಮೇಲೆ ಮೂವತ್ತೊಂದು.
'ಹಳ್ಳಿಯ ಆರೋಗ್ಯ ಕಾರ್ಯಕರ್ತೆಯನ್ನು ಕರೆದಿರಾ? ಏನೆಂದಳು?'
ಓದಿದೆ. ಇದ್ದಂತೆಯೇ ಓದಬೇಕಲ್ಲ.
ಕೋಳಿಯೊಂದು ಮೀನಿಗೆ ಬಾಯಿ ಹಾಕಿತು, ಇಬ್ಬರೂ ಏಳಲಿಲ್ಲ.
ಕೊನ್ಸೊಲಾಟಾ ನನ್ನ ಚಪ್ಪಲಿ ನೋಡುತ್ತ ಕೂತಿದ್ದಳು.
'ಕರೆಯಲಿಲ್ಲ ಅಂತ ಬರಿ, ಸಿಪ್ರೋಸ್' ಎಂದಳು.
'ರಾತ್ರಿಯಾಗಿತ್ತು. ಮಳೆ ಬೇರೆ.'

ಬರೆದೆ: ಇಲ್ಲ.
ಹೇಳಿದ್ದನ್ನು ಹೇಳಿದಂತೆ ಬರೆಯಲು ಕಲಿಸಿದವರು ನೀವೇ.
ಅದರ ಕೆಳಗೆ, ಬೇರೆ ಸಾಲಿನಲ್ಲಿ:
ಕರೆದಿದ್ದರು. ಬೆಳಗಾಗಲಿ ಎಂದಳು.
ಅದೂ ನನ್ನದೇ ಅಕ್ಷರ.
ಎರಡೂ ಹೊಂದುವುದಿಲ್ಲ ಅನ್ನುತ್ತೀರಿ. ಹೇಗೆ ಹೊಂದೀತು?

ಎಂದಳು ಅಂತ ಬರೆಯುವುದು ಸುಲಭ, ಸರ್.

ಆ ರಾತ್ರಿ ಅವಳ ಮೈದುನ ಟಾರ್ಚು ಹಿಡಿದು ಬಂದಿದ್ದ.
ಹಳ್ಳ ದಾಟಿಸಲು ಮೋಟಾರುಬೈಕಿನವ
ಆರುನೂರು ಶಿಲ್ಲಿಂಗ್ ಕೇಳುತ್ತಿದ್ದಾನೆ ಎಂದ.
ನನ್ನ ಪೆಟ್ಟಿಗೆಯಲ್ಲಿ ಮಾತ್ರೆ ಮುಗಿದು ಹನ್ನೆರಡು ದಿನವಾಗಿತ್ತು.
ಮುಗಿದಿದೆ ಎಂದು ಎರಡು ಸಲ ಬರೆದು ಕಳಿಸಿದ್ದೆ, ಬೇರೊಂದು ಹಾಳೆಯಲ್ಲಿ;
ಅದಕ್ಕೆ ಯಾರೂ ಕೆಂಪು ಗೆರೆ ಸುತ್ತಲಿಲ್ಲ.
ಬರಿಗೈಯಲ್ಲಿ ಹೋಗಿ ಏನು ಮಾಡಲಿ ಅನ್ನಿಸಿತು.
ನಿದ್ದೆಯೂ ಇತ್ತು, ಅದನ್ನೂ ಬರೆದುಬಿಡುತ್ತೇನೆ.
ಬೆಳಗಾಗಲಿ ಎಂದೆ.

ನಿಮ್ಮ ಕಂಪ್ಯೂಟರಿಗೆ ಒಂದೇ ಉತ್ತರ ಸಾಕಿದ್ದರೆ
ಕೆಳಗಿನದನ್ನು ಇಟ್ಟುಕೊಳ್ಳಿ.
ಮೇಲಿನದನ್ನು ಹೊಡೆದು ಹಾಕಬೇಡಿ,
ಅದು ಅವಳು ನನಗೆ ಕೊಟ್ಟದ್ದು.

ಹಾಳೆಗೆ ಮೀನಿನ ವಾಸನೆಯಿದ್ದರೆ ಬೇಸರ ಬೇಡ.
ಹೊರಡುವಾಗ ಚೀಲಕ್ಕೆ ಒಂದು ಹಿಡಿ ಸುರಿದಳು,
ಬೇಡವೆಂದರೂ ಕೇಳಲಿಲ್ಲ.

ನಾಳೆ ಇನ್ನೆರಡು ಮನೆಗಳಿವೆ.
ಪೆನ್ನು ತೀರಿದೆ. ಎರಡು ಕಳಿಸಿ.
ಮಾತ್ರೆ ಬಂದಿದ್ದರೆ ಮೊದಲು ಅದು.